ನಗರಸಭೆ, ಪಾಲಿಕೆ ಟೆಂಡರ್ ಹಿಡಿಯುವುದು ಹೇಗೆ? ಸಣ್ಣ ವ್ಯಾಪಾರಸ್ಥರಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಬೀದಿದೀಪದ ಸಾಮಾನು ಮಾರುವವನು. ಜತೆಗೆ ಸಣ್ಣಪುಟ್ಟ ಎಲೆಕ್ಟ್ರಿಕಲ್ ಕಾಮಗಾರಿ ಕೂಡ ಮಾಡುತ್ತೇನೆ. ಮೊದಲ ಸಲ ಒಂದು ನಗರಸಭೆಗೆ ಟೆಂಡರ್ ಹಾಕಿದಾಗ, ಗೆದ್ದವರಿಗಿಂತ ನನ್ನ ರೇಟು ಕಡಿಮೆ ಇತ್ತು. ಆದರೂ ಕೆಲಸ ನನಗೆ ಸಿಗಲಿಲ್ಲ. ನನ್ನ ರೇಟಿನ ಕವರನ್ನು ಅವರು ತೆರೆಯಲೇ ಇಲ್ಲ. ನಮ್ಮ ಆಡಿಟರ್ ಕೊಟ್ಟಿದ್ದ ವಹಿವಾಟಿನ ಸರ್ಟಿಫಿಕೇಟಿನಲ್ಲಿ ಯುಡಿಐಎನ್ (ಪ್ರತಿ ಸರ್ಟಿಫಿಕೇಟಿಗೂ ಸಿಎ ಆನ್‌ಲೈನ್‌ನಲ್ಲಿ ಪಡೆಯುವ ಗುರುತಿನ ಸಂಖ್ಯೆ) ಇರಲಿಲ್ಲ, ಅಷ್ಟೇ. ಸಿಎಗಳು ಕೊಡುವ ಸರ್ಟಿಫಿಕೇಟುಗಳಿಗೆ 2019ರ ಫೆಬ್ರವರಿಯಿಂದಲೇ ಆ ಸಂಖ್ಯೆ ಕಡ್ಡಾಯ. ಅವರು ಹಾಕಲು ಮರೆತರು, ನಾನು ನೋಡಲು ಮರೆತೆ.

ಟೆಂಡರ್ ಅಂದರೆ ರೇಟಿನ ಆಟ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೊಸಬರು ಸೋಲುವುದು ಹೆಚ್ಚಾಗಿ ಕಾಗದದಲ್ಲಿ. ಗೆದ್ದ ಮೇಲೆ ಮುಳುಗುವುದು ಬಿಲ್ಲಿಗೆ ಕಾಯುವಾಗ. ಹಾಗಾಗಿ ಈ ಬರಹದಲ್ಲಿ ರೇಟಿನ ಮಾತಿಗಿಂತ ಆ ಎರಡರ ಮಾತೇ ಜಾಸ್ತಿ.

ಮೊದಲು, ಯಾರು ಏನು ಕೊಳ್ಳುತ್ತಾರೆ?

ಕರ್ನಾಟಕದಲ್ಲಿ 300ಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿವೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಎಲ್ಲವೂ ಇದರಲ್ಲಿ ಸೇರಿವೆ. ಬೆಂಗಳೂರಿನಲ್ಲಿ ಬಿಬಿಎಂಪಿ ಈಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು ಬಂದಿವೆ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಇವಲ್ಲದೆ ಜಲಮಂಡಳಿ, ಬಿಡಿಎ, ಬಿಎಂಟಿಸಿ, ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ, ಊರೂರಿನ ನಗರಾಭಿವೃದ್ಧಿ ಪ್ರಾಧಿಕಾರಗಳು ಬೇರೆ ಬೇರೆಯಾಗಿಯೇ ಟೆಂಡರ್ ಕರೆಯುತ್ತವೆ.

ಎಲ್ಲರ ಕಣ್ಣೂ ರಸ್ತೆ, ಚರಂಡಿಯ ಮೇಲೆ. ಆದರೆ ನಗರಸಭೆ ವರ್ಷವಿಡೀ ಏನೇನು ಕೊಳ್ಳುತ್ತದೆ ಅಂತ ಒಮ್ಮೆ ನೋಡಿ. ಬ್ಲೀಚಿಂಗ್ ಪೌಡರ್, ನೀರು ಶುದ್ಧ ಮಾಡುವ ಆಲಂ, ಎಲ್‌ಇಡಿ ದೀಪ, ಬೋರ್‌ವೆಲ್ ಮೋಟಾರ್ ರಿಪೇರಿ, ಆಟೋ ಟಿಪ್ಪರ್, ಕಸದ ಬುಟ್ಟಿ, ಗ್ಲೌಸು ಗಮ್‌ಬೂಟು, ಕಂಪ್ಯೂಟರ್, ಮುದ್ರಣ, ಬಾಡಿಗೆ ಜೀಪು, ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ. ಪಟ್ಟಿ ಉದ್ದ ಇದೆ, ಪೈಪೋಟಿ ಕಡಿಮೆ.

ಇನ್ನೊಂದು ಮೂಲೆಯನ್ನು ಬಹಳ ಜನ ನೋಡುವುದೇ ಇಲ್ಲ. ನಗರ ಸಂಸ್ಥೆಗಳು ತಮ್ಮ ಹಣದಲ್ಲಿ ಒಂದು ಪಾಲನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ (ಶೇ 24.10), ಇತರ ಬಡವರಿಗೆ (ಶೇ 7.25), ಅಂಗವಿಕಲರಿಗೆ (ಶೇ 5) ಮೀಸಲಿಡುತ್ತವೆ. ಹೊಲಿಗೆ ಯಂತ್ರ, ಲ್ಯಾಪ್‌ಟಾಪ್, ತ್ರಿಚಕ್ರ ವಾಹನದಂಥ ಖರೀದಿ ಈ ಹಣದಲ್ಲೇ ಆಗುತ್ತದೆ. ಊರಿನ ಅಂಗಡಿಯವರು ಆರಾಮಾಗಿ ಒದಗಿಸಬಹುದಾದ ಸಾಮಾನು.

ಟೆಂಡರ್ ಹುಟ್ಟುವ ಮುನ್ನವೇ ಅದರ ಸುಳಿವು

ಟೆಂಡರ್ ಪ್ರಕಟಣೆ ಬಂದ ಮೇಲೆ ಓಡಲು ಶುರು ಮಾಡಿದರೆ ತಡವಾಯಿತು ಎಂದೇ ಲೆಕ್ಕ. ಕೆಲಸ ಮೊದಲು ಕಾಣಿಸುವುದು ಬಜೆಟ್‌ನಲ್ಲಿ. ಆಮೇಲೆ ಕ್ರಿಯಾ ಯೋಜನೆಯಲ್ಲಿ. ಸಭೆಯ ಒಪ್ಪಿಗೆ ಆಗಿ, ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಮಂಜೂರಾತಿ ಪಡೆದು, ಎಸ್ಟಿಮೇಟ್ ತಯಾರಾಗಿ, ಆಮೇಲಷ್ಟೇ ಟೆಂಡರ್. ಈ ದಾರಿಗೆ ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕ್ರಿಯಾ ಯೋಜನೆ ಗುಟ್ಟಿನ ಕಾಗದವೇನಲ್ಲ. ಎಂಜಿನಿಯರಿಂಗ್ ವಿಭಾಗದಲ್ಲಿ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಕ್ರಿಯಾ ಯೋಜನೆಯಲ್ಲಿ ಹಣದ ಮೂಲ ಯಾವುದು ಅಂತ ಬರೆದಿರುತ್ತದೆ. ಅದನ್ನು ಗುರುತು ಹಾಕಿಕೊಳ್ಳಿ. ಹಣಕಾಸು ಆಯೋಗದ ಅನುದಾನವೇ, ರಾಜ್ಯದ ನಗರೋತ್ಥಾನ ಯೋಜನೆಯೇ, ಕೇಂದ್ರದ ಅಮೃತ್ 2.0 ಯೋಜನೆಯೇ, ಸಂಸ್ಥೆಯ ಸ್ವಂತ ನಿಧಿಯೇ? ಬಿಲ್ ಎಷ್ಟು ಬೇಗ ಬರುತ್ತದೆ ಎನ್ನುವುದು ಬಹುಪಾಲು ಇದರ ಮೇಲೇ ನಿಂತಿದೆ. ಅನುದಾನ ಆಗಲೇ ಖಾತೆಗೆ ಬಂದಿದ್ದರೆ ಒಳ್ಳೆಯದು. ಕಂದಾಯ ಸರಿಯಾಗಿ ವಸೂಲಾಗದ ಊರಿನಲ್ಲಿ ಸ್ವಂತ ನಿಧಿಯ ಕೆಲಸ ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ.

ಕಾಗದಪತ್ರ: ಒಂದು ಫೈಲ್, ವರ್ಷವಿಡೀ ಸಿದ್ಧ

ಪ್ಯಾನ್, ಜಿಎಸ್‌ಟಿ, ಮೂರ್ನಾಲ್ಕು ವರ್ಷದ ಐಟಿ ರಿಟರ್ನ್, ಆಡಿಟ್ ಆದ ಬ್ಯಾಲೆನ್ಸ್ ಶೀಟ್, ಬ್ಯಾಂಕ್ ಖಾತೆಯ ವಿವರ ಎಲ್ಲರಿಗೂ ಬೇಕು. ಸಿವಿಲ್ ಕಾಮಗಾರಿಗೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ ಕೇಳುತ್ತಾರೆ. ಒಂದನೇ ದರ್ಜೆಯಿಂದ ನಾಲ್ಕನೇ ದರ್ಜೆವರೆಗೆ ಇದೆ, ದರ್ಜೆಗೆ ತಕ್ಕಂತೆ ಎಷ್ಟು ಮೊತ್ತದ ಕೆಲಸ ಹಿಡಿಯಬಹುದು ಅನ್ನುವುದು ನಿಗದಿ. ನನ್ನಂಥವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಎಲೆಕ್ಟ್ರಿಕಲ್ ಲೈಸೆನ್ಸ್ ಬೇಕು. ಜನರನ್ನು ಒದಗಿಸುವ ಸೇವೆಗಾದರೆ ಪಿಎಫ್, ಇಎಸ್‌ಐ ಕೇಳುತ್ತಾರೆ. ಬೇರೆ ಕಂಪನಿಯ ಮಾಲು ಮಾರುವವರಾದರೆ ತಯಾರಕರಿಂದ ಅಧಿಕಾರ ಪತ್ರ ತರಿಸಿಟ್ಟುಕೊಳ್ಳಿ. ಕೊನೇ ವಾರದಲ್ಲಿ ಕೇಳಿದರೆ ಕಂಪನಿಯವರು ಫೋನೂ ಎತ್ತುವುದಿಲ್ಲ.

ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಪುಕ್ಕಟೆ, ಆನ್‌ಲೈನ್‌ನಲ್ಲೇ ಆಗುತ್ತದೆ, ಮಾಡಿಸಿಕೊಳ್ಳಿ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಉದ್ಯಮ್ ಇದ್ದರೆ ಇಎಂಡಿ (ಟೆಂಡರ್ ಜತೆ ಕಟ್ಟುವ ಠೇವಣಿ) ಕಟ್ಟಬೇಕಾಗಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯ ಮಾತು. ಕೇಂದ್ರದ ಇಲಾಖೆಗಳಿಗೆ, ಕೇಂದ್ರದ ಉದ್ದಿಮೆಗಳಿಗೆ ಅನ್ವಯಿಸುತ್ತದೆ. ನಿಮ್ಮೂರ ಪುರಸಭೆಗೆ ತಾನಾಗಿ ಅನ್ವಯಿಸುವುದಿಲ್ಲ. ಟೆಂಡರ್ ದಾಖಲೆಯಲ್ಲಿ ವಿನಾಯಿತಿ ಅಂತ ಬರೆದಿದ್ದರೆ ಮಾತ್ರ ಉಂಟು. ಬರೆದಿಲ್ಲದೆ ಇಎಂಡಿ ಬಿಟ್ಟರೆ ಅರ್ಹತೆಯ ಕಾಗದ ನೋಡುವ ಮೊದಲ ಕವರ್‌ನಲ್ಲೇ ಮನೆಗೆ.

ಇನ್ನು ಡಿಜಿಟಲ್ ಸಹಿ. ಕ್ಲಾಸ್ 3 ಡಿಎಸ್‌ಸಿ ಬೇಕು. ಕ್ಲಾಸ್ 2 ಕೊಡುವುದು 2021ರ ಜನವರಿಯಿಂದಲೇ ನಿಂತಿದೆ. ಆ ಸಹಿ ಇರುವ ಯುಎಸ್‌ಬಿ ಟೋಕನ್ ನಿಮ್ಮ ಬಳಿಯೇ ಇರಲಿ. ಸೈಬರ್ ಅಂಗಡಿಯವರ ಡ್ರಾಯರ್‌ನಲ್ಲಿ ಹತ್ತು ಗುತ್ತಿಗೆದಾರರ ಟೋಕನ್ ಪಾಸ್‌ವರ್ಡ್ ಚೀಟಿಯ ಸಮೇತ ಬಿದ್ದಿರುವುದನ್ನು ನಾನೇ ನೋಡಿದ್ದೇನೆ. ಸಹಿ ಮಾಡಿದ ಖಾಲಿ ಚೆಕ್ ಕೊಟ್ಟ ಹಾಗೆ ಅದು.

ಪೋರ್ಟಲ್‌ನಲ್ಲಿ ಹುಡುಕುವ ಬಗೆ

ರಾಜ್ಯದ ಟೆಂಡರ್‌ಗಳೆಲ್ಲ ಬರುವುದು ಕೆಪಿಪಿಪಿ, ಅಂದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ. ಹಳೆಯ ಇ-ಪ್ರೊಕ್ಯೂರ್‌ಮೆಂಟ್ ತಾಣದ ಜಾಗಕ್ಕೆ ಬಂದಿರುವುದು ಇದು. ಟೆಂಡರ್ ನೋಡಲು ಲಾಗಿನ್ ಬೇಡ, ಹಾಕಲು ನೋಂದಣಿ ಬೇಕು. ಕಾಮಗಾರಿ, ಸರಕು, ಸೇವೆ ಎಂದು ಮೂರು ವಿಭಾಗ. ನೀವು ಸರಕಿನವರಾದರೂ ಮೂರನ್ನೂ ನೋಡಿ. ಬೀದಿದೀಪ ಒದಗಿಸಿ ಅಳವಡಿಸುವುದನ್ನು ಒಬ್ಬರು ಸರಕು ಅಂತ ಹಾಕಿದರೆ, ಪಕ್ಕದ ಊರಿನವರು ಕಾಮಗಾರಿ ಅಂತ ಹಾಕಿರುತ್ತಾರೆ.

ಹುಡುಕುವಾಗ ಕಾಗುಣಿತದ ಕಾಟವೂ ಇದೆ. ಒಂದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆದಿರುತ್ತಾರೆ. ಹಾಗಾಗಿ ಊರಿನ ಹೆಸರಿನ ಬದಲು ಇಲಾಖೆ ಆರಿಸಿ ಹುಡುಕುವುದು ಒಳ್ಳೆಯದು. ಬೆಂಗಳೂರಿನ ಹೊರಗಿನ ಪಾಲಿಕೆಗಳನ್ನು, ಪುರಸಭೆಗಳನ್ನು ಪೌರಾಡಳಿತ ನಿರ್ದೇಶನಾಲಯದ ಕೆಳಗೆ ಹುಡುಕಿ. ನಾನು ಸೋಮವಾರ, ಗುರುವಾರ ಬೆಳಿಗ್ಗೆ ಅರ್ಧ ಗಂಟೆ ಇದಕ್ಕೇ ಇಡುತ್ತೇನೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಿನಾ. ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಟೆಂಡರ್ ಸುರಿಮಳೆ. ಅವಸರದಲ್ಲಿ ಕರೆದ ‘ಅಲ್ಪಾವಧಿ ಟೆಂಡರ್’ಗಳೂ ಆಗಲೇ ಜಾಸ್ತಿ. ಕಾಗದ ಸಿದ್ಧವಿದ್ದವರಿಗೆ ಮಾತ್ರ ಅವು ಸಿಗುತ್ತವೆ.

ದಾಖಲೆ ಓದುವಾಗ ಬೇಡ ಅನ್ನಲು ಕಾರಣ ಹುಡುಕಿ

ಇದಕ್ಕೆಲ್ಲ ಬುಡ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಮತ್ತು 2000ದ ಅದರ ನಿಯಮಗಳು. ಎಲ್ಲರ ಬಾಯಲ್ಲಿ ಕೆಟಿಪಿಪಿ. ಕಾಮಗಾರಿಗಳಿಗೆ ಮೊತ್ತ ನೋಡಿ ಕೆಡಬ್ಲ್ಯು-1ರಿಂದ ಶುರುವಾಗುವ ಮಾದರಿ ದಾಖಲೆಗಳಿವೆ. ಕೆಡಬ್ಲ್ಯು-4 ಬಂತೆಂದರೆ ಷರತ್ತು ಬಿಗಿ.

ನಾನು ದಾಖಲೆ ಓದುವುದು ಈ ಕೆಲಸ ಯಾಕೆ ಬಿಡಬೇಕು ಅಂತ ನೋಡುವುದಕ್ಕೆ. ಮೊದಲು ಅರ್ಹತೆಯ ಪುಟ. ಎಷ್ಟು ವರ್ಷದ ವಹಿವಾಟು, ಎಂಥ ಕೆಲಸದ ಅನುಭವ, ಎಷ್ಟು ಮೊತ್ತದ್ದು. ‘ಇದೇ ಬಗೆಯ ಕೆಲಸ’ ಎಂದರೆ ಏನೆಂದು ಅವರು ಬರೆದಿದ್ದಾರೋ ಅದೇ ಲೆಕ್ಕ, ನಮ್ಮ ಅರ್ಥ ಅಲ್ಲ. ಆಮೇಲೆ ಮೀಸಲಾತಿ ಇದೆಯೇ ನೋಡಬೇಕು. ನಿಗದಿತ ಮೊತ್ತದೊಳಗಿನ ಕಾಮಗಾರಿಗಳಲ್ಲಿ ಶೇ 17.15 ಪರಿಶಿಷ್ಟ ಜಾತಿಯ, ಶೇ 6.95 ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲು. ಮೊದಲು 50 ಲಕ್ಷ ಇದ್ದ ಮಿತಿ 2023ರಲ್ಲಿ 1 ಕೋಟಿಗೆ ಏರಿತು. ಅದಾದ ಮೇಲೂ ತಿದ್ದುಪಡಿಯ ಮಾತು ನಡೆದೇ ಇದೆ, ಪ್ರಕಟಣೆಯಲ್ಲಿ ಏನಿದೆಯೋ ಅದನ್ನೇ ನಂಬಿ.

ಹೊಸಬರನ್ನು ಜಾಸ್ತಿ ಬೀಳಿಸುವುದು ಟೆಂಡರ್ ಸಾಮರ್ಥ್ಯದ ಲೆಕ್ಕ. ಕೆಡಬ್ಲ್ಯು-4ರಲ್ಲಿ ಇದರ ಸೂತ್ರ ಇದೆ. ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ. ಅದನ್ನು ಹೊಸ ಕೆಲಸದ ಅವಧಿಯಿಂದ (ವರ್ಷದ ಲೆಕ್ಕದಲ್ಲಿ) ಗುಣಿಸಿ, ಮತ್ತೆ 1.5ರಿಂದ ಗುಣಿಸಿ. ಬಂದದ್ದರಲ್ಲಿ ಆ ಅವಧಿಯಲ್ಲಿ ನೀವು ಮುಗಿಸಬೇಕಾದ ಹಳೆಯ ಕೆಲಸಗಳ ಮೊತ್ತ ಕಳೆಯಿರಿ.

ಒಂದು ಲೆಕ್ಕ ಹಾಕೋಣ. ನಿಮ್ಮ ಒಳ್ಳೆಯ ವರ್ಷದ ಕೆಲಸ 60 ಲಕ್ಷ. ಹೊಸ ಕೆಲಸಕ್ಕೆ ಆರು ತಿಂಗಳು, ಅಂದರೆ 0.5. ಅರವತ್ತರಲ್ಲಿ ಅರ್ಧ 30, ಅದರ ಒಂದೂವರೆ ಪಟ್ಟು 45 ಲಕ್ಷ. ಕೈಯಲ್ಲಿ 20 ಲಕ್ಷದ ಕೆಲಸ ಬಾಕಿ ಇದೆ. ಉಳಿದದ್ದು 25 ಲಕ್ಷ. ಅದೇ ಸೂತ್ರ ಹಾಕಿರುವ 30 ಲಕ್ಷದ ಟೆಂಡರ್‌ಗೆ ನೀವು ಅರ್ಹರಲ್ಲ. ಇರುವ ಕೆಲಸ ಬೇಗ ಮುಗಿಸಿ, ಕೆಲಸ ಮುಗಿಸಿದ ಸರ್ಟಿಫಿಕೇಟ್ ತೆಗೆದುಕೊಂಡರೆ ಆ 20 ಲಕ್ಷ ಇಳಿಯುತ್ತದೆ. ಬಾಕಿ ಕೆಲಸ ಮುಚ್ಚಿಟ್ಟು ಅಫಿಡವಿಟ್ ಕೊಡುವ ಚಾಳಿ ಕೆಲವರಿಗಿದೆ. ಸಿಕ್ಕಿಬಿದ್ದರೆ ಇಎಂಡಿ ಹೋಗುತ್ತದೆ, ಹೆಸರು ಕಪ್ಪುಪಟ್ಟಿಗೂ ಸೇರಬಹುದು.

ಷರತ್ತು ಯಾರೋ ಒಬ್ಬರ ಅಳತೆಗೆ ಹೊಲಿದ ಅಂಗಿಯಂತೆ ಕಂಡರೆ, ಪ್ರೀ-ಬಿಡ್ ಸಭೆಗೆ (ಟೆಂಡರ್ ಹಾಕುವ ಮೊದಲು ಅನುಮಾನ ಪರಿಹರಿಸುವ ಸಭೆ) ಮುನ್ನ ಬರವಣಿಗೆಯಲ್ಲೇ ಪ್ರಶ್ನೆ ಹಾಕಿ. ‘ಈ ಒಂದೇ ಬ್ರಾಂಡ್ ಯಾಕೆ, ಅದಕ್ಕೆ ಸಮನಾದ ಐಎಸ್‌ಐ ಮಾಲು ನಡೆಯುತ್ತದೆಯೇ’ ಎಂದು ಕೇಳಿದ್ದಕ್ಕೆ ನನಗೆ ಒಮ್ಮೆ ತಿದ್ದೋಲೆ (ಟೆಂಡರ್ ಷರತ್ತು ತಿದ್ದಿದ ಪ್ರಕಟಣೆ) ಬಂದಿದೆ, ಒಮ್ಮೆ ಬಂದಿಲ್ಲ. ಬರದಿದ್ದರೂ ಮುಂದೆ ಮೇಲ್ಮನವಿಗೆ ಹೋದರೆ ಆ ಪತ್ರ ಕೈಯಲ್ಲಿರುತ್ತದೆ.

ಸ್ಥಳ ನೋಡದೆ ರೇಟು ಹಾಕಬೇಡಿ

ಎಸ್ಟಿಮೇಟ್ ಮಾಡುವುದು ಸರ್ಕಾರದ ದರಪಟ್ಟಿ, ಅಂದರೆ ಎಸ್‌ಆರ್ ನೋಡಿ. ಅಂಗಡಿಯ ಇವತ್ತಿನ ರೇಟು ಅದಕ್ಕೆ ಗೊತ್ತಿಲ್ಲ. ಕೇಬಲ್ ಹೂಳುವ ಜಾಗದಲ್ಲಿ ಬಂಡೆ ಇದೆಯೋ ಮಣ್ಣಿದೆಯೋ ಅಂತಲೂ ಗೊತ್ತಿಲ್ಲ. ಎಸ್ಟಿಮೇಟ್ ಹಿಡಿದು ಬೀದಿ ಸುತ್ತಿ ಬನ್ನಿ. ಕಂಬ ಎಣಿಸಿ. ಲಾರಿ ಒಳಗೆ ಹೋಗುತ್ತದೆಯೇ ನೋಡಿ. ಅಲ್ಲಿನ ಚಹಾ ಅಂಗಡಿಯವರನ್ನು ಕೇಳಿದರೆ ಹೋದ ಸಲ ಕೆಲಸ ಯಾಕೆ ಅರ್ಧಕ್ಕೆ ನಿಂತಿತು ಅಂತಲೂ ಹೇಳುತ್ತಾರೆ.

ಹಿಂದಿನ ವರ್ಷ ಯಾರು ಎಷ್ಟಕ್ಕೆ ಹಿಡಿದರು ಎನ್ನುವುದಕ್ಕೆ ಮಾಹಿತಿ ಹಕ್ಕಿನಲ್ಲಿ ಟೆಂಡರ್ ತುಲನಾತ್ಮಕ ಪಟ್ಟಿ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉದ್ದುದ್ದ ಬರೆಯಬೇಡಿ.

ಈಗ ಕಡಿತದ ಲೆಕ್ಕ. 10 ಲಕ್ಷದ ಕಾಮಗಾರಿ ಬಿಲ್ ಅಂದುಕೊಳ್ಳಿ. ಸ್ಥಳೀಯ ಸಂಸ್ಥೆಗೆ ಮಾಡುವ ಕಾಮಗಾರಿಗೆ 2022ರ ಜುಲೈ 18ರಿಂದ ಜಿಎಸ್‌ಟಿ ಶೇ 12 ಹೋಗಿ ಶೇ 18 ಆಗಿದೆ. ಅದು 1.80 ಲಕ್ಷ, ಒಟ್ಟು 11.80 ಲಕ್ಷ. ಗುತ್ತಿಗೆ 2.5 ಲಕ್ಷ ಮೀರಿದ್ದರಿಂದ ಜಿಎಸ್‌ಟಿ ಟಿಡಿಎಸ್ ಶೇ 2, ಅಂದರೆ 20,000 ಹಿಡಿಯುತ್ತಾರೆ. ಆದಾಯ ತೆರಿಗೆ ಟಿಡಿಎಸ್ ಒಬ್ಬರ ಮಾಲೀಕತ್ವವಾದರೆ ಶೇ 1, ಸಂಸ್ಥೆಯಾದರೆ ಶೇ 2. ಇಲ್ಲಿ 10,000 ಎನ್ನೋಣ. ಕಟ್ಟಡ ಕಾರ್ಮಿಕರ ಸೆಸ್ ಶೇ 1, ಮತ್ತೆ 10,000. ಭದ್ರತಾ ಠೇವಣಿಗೆ ಶೇ 5 ಹಿಡಿದರೆ 50,000. ಕೈಗೆ ಬಂದದ್ದು 10.90 ಲಕ್ಷ. ಅದರೊಳಗೇ ನೀವು ಕಟ್ಟಬೇಕಾದ ಜಿಎಸ್‌ಟಿ ಕೂತಿದೆ. ಮರಳು, ಜಲ್ಲಿ ಬಳಸಿದ್ದರೆ ರಾಜಧನವೂ (ರಾಯಲ್ಟಿ) ಹೋಗುತ್ತದೆ. ರಾಜಧನ ಕಟ್ಟಿದ ಖನಿಜ ಸಾಗಣೆ ಪರವಾನಗಿಯ ಪ್ರತಿಯನ್ನು ಕ್ರಷರ್‌ನವರಿಂದ ಲೋಡಿಗೊಂದರಂತೆ ಕೇಳಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಕಟ್ಟಿದ ಹಾಗೆ.

ಟಿಡಿಎಸ್ ಹಣ ನಿಮ್ಮ ಲೆಕ್ಕಕ್ಕೇ ಬರುತ್ತದೆ ನಿಜ, ಆದರೆ ತಡವಾಗಿ. ಸೆಸ್ ಬರುವುದಿಲ್ಲ. ಸಾಮಾನು ಸೇರಿಲ್ಲದ ಶುದ್ಧ ಸೇವೆಯಾದರೆ, ನೀರು, ನೈರ್ಮಲ್ಯದಂಥ ನಗರಸಭೆಯ ಕೆಲಸಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ. ರೇಟು ಹಾಕುವ ಮುನ್ನ ಆಡಿಟರ್ ಹತ್ತಿರ ಒಮ್ಮೆ ಕೂರಿ. ನೀವು ಹಾಕುವ ರೇಟು ತೆರಿಗೆ ಸೇರಿಯೋ ಬಿಟ್ಟೋ ಎನ್ನುವುದನ್ನು ದಾಖಲೆಯಲ್ಲಿ ನೋಡಿಯೇ ಹಾಕಿ. ಇದೊಂದು ತಪ್ಪಿದರೆ ಲಾಭ ಪೂರ್ತಿ ತೆರಿಗೆಗೇ ಹೋಯಿತು.

ಎಸ್ಟಿಮೇಟಿಗಿಂತ ಶೇ 25, 30 ಕೆಳಗೆ ಹಾಕುವವರೂ ಇದ್ದಾರೆ. ಅವರ ಹಿಂದೆ ಓಡಬೇಡಿ. ರೇಟು ತೀರಾ ಕೆಳಗಿದ್ದರೆ ಹೆಚ್ಚುವರಿ ಭದ್ರತೆ ಕೇಳುತ್ತಾರೆ, ಅದಕ್ಕೂ ಬ್ಯಾಂಕ್ ಗ್ಯಾರಂಟಿ ಕಟ್ಟಬೇಕು. ಇನ್ನು ‘ಸುಮ್ನೆ ಒಂದು ಸಪೋರ್ಟಿಂಗ್ ಟೆಂಡರ್ ಹಾಕಿ ಅಣ್ಣ’ ಅಂತ ಫೋನ್ ಬರುತ್ತದೆ. ಮೊದಲೇ ಮಾತಾಡಿಕೊಂಡು ರೇಟು ಹಾಕುವುದು ಸ್ಪರ್ಧಾ ಕಾಯ್ದೆಯಲ್ಲಿ ತಪ್ಪು. ಒಂದೇ ಕಂಪ್ಯೂಟರ್‌ನಿಂದ ಮೂರು ಟೆಂಡರ್ ಹೋದರೆ ಅದರ ಜಾಡೂ ಉಳಿಯುತ್ತದೆ.

ಹಾಕುವ ದಿನ

ಎರಡು ಕವರ್ ಪದ್ಧತಿಯಲ್ಲಿ ಮೊದಲು ಅರ್ಹತೆಯ ಕಾಗದ ತೆರೆಯುತ್ತಾರೆ, ಅದರಲ್ಲಿ ಪಾಸಾದವರ ರೇಟು ಮಾತ್ರ ಆಮೇಲೆ. ರೇಟಿನ ಸುಳಿವು ಕೊಡುವ ಯಾವ ಕಾಗದವೂ ಮೊದಲ ಕವರ್‌ಗೆ ಹೋಗಬಾರದು. ಅವರ ಷರತ್ತುಗಳ ಕ್ರಮದಲ್ಲೇ ಫೈಲ್‌ಗಳಿಗೆ ಹೆಸರಿಡಿ. ತೆರೆಯುವವರಿಗೆ ಹುಡುಕುವ ಕೆಲಸ ಕೊಡಬೇಡಿ. ಎಲ್ಲ ಸರ್ಟಿಫಿಕೇಟುಗಳಲ್ಲಿ ದಿನಾಂಕ, ಮೊತ್ತ, ಸಹಿ, ಸೀಲು ಕಾಣುತ್ತವೆಯೇ ನೋಡಿ. ಯುಡಿಐಎನ್ ಕೂಡ!

ಇಎಂಡಿ ಕಟ್ಟಿ ಅದು ಪೋರ್ಟಲ್‌ನಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಎರಡು ದಿನ ಮೊದಲೇ ಕಟ್ಟಿ, ಒಂದು ದಿನ ಮೊದಲೇ ಹಾಕಿ ಮುಗಿಸಿ. ಗಡುವು ಸಂಜೆ 4 ಗಂಟೆಗೆ ಅಂದರೆ 3.30ಕ್ಕೆ ಟೋಕನ್ ಓದದೆ ಕಂಪ್ಯೂಟರ್ ಕೈ ಕೊಡುತ್ತದೆ. ನನಗಾಗಿದೆ. ಹಾಕುವ ಮುನ್ನ ತಿದ್ದೋಲೆ ಏನಾದರೂ ಬಂದಿದೆಯೇ ಕೊನೆಯದಾಗಿ ನೋಡಿ.

ತೆರೆದ ಮೇಲೆ

ಒಬ್ಬರೇ ಹಾಕಿದ್ದರೆ ಮೊದಲ ಕರೆಯಲ್ಲಿ ಹೆಚ್ಚಾಗಿ ಮರು ಟೆಂಡರ್ ಆಗುತ್ತದೆ, ಬೇಸರ ಪಡಬೇಡಿ. ತಾಂತ್ರಿಕವಾಗಿ ಕೈಬಿಟ್ಟರೆ ಕಾರಣ ಬರವಣಿಗೆಯಲ್ಲಿ ಕೇಳಿ. ಟೆಂಡರ್ ಅಂಗೀಕಾರದ ಆದೇಶದಿಂದ ಅನ್ಯಾಯವಾಗಿದೆ ಅನ್ನಿಸಿದರೆ ಕೆಟಿಪಿಪಿ ಕಾಯ್ದೆಯ 16ನೇ ಕಲಮಿನಲ್ಲಿ ಮೇಲ್ಮನವಿ ಇದೆ. ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ನನ್ನ ಯುಡಿಐಎನ್ ಪ್ರಕರಣದಲ್ಲಿ ನಾನು ಹೋಗಲಿಲ್ಲ, ತಪ್ಪು ನನ್ನದೇ ಇತ್ತು. ಮೇಲ್ಮನವಿ ಹಾಕಿದರೆ ಮುಂದೆ ಕೆಲಸ ಕೊಡುವುದಿಲ್ಲ ಅಂತ ಹೆದರಿಸುವವರು ಇರುತ್ತಾರೆ. ಎಲ್ಲದಕ್ಕೂ ಹಾಕಬೇಡಿ, ದಾಖಲೆ ನಿಮ್ಮ ಕಡೆ ಗಟ್ಟಿಯಾಗಿದ್ದಾಗ ಬಿಡಬೇಡಿ.

‘ಪರ್ಸೆಂಟೇಜ್’ ಮಾತನ್ನು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಕಮಿಷನ್ ಹಾವಳಿಯ ಬಗ್ಗೆ ಪ್ರಧಾನಿಗೆ ಪತ್ರ ಬರೆದಿತ್ತು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ಲೋಕಾಯುಕ್ತದಂಥ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆ ಇದೆ. ಏಳು ದಿನ ಅನ್ನುವುದು ನೆನಪಿರಲಿ.

ಕೆಲಸ, ಎಂಬಿ, ಬಿಲ್ಲು

ಕಾರ್ಯಾದೇಶ ಕೈಗೆ ಬರುವ ಮುನ್ನ ಒಂದು ಗುಂಡಿಯನ್ನೂ ತೋಡಬೇಡಿ. ‘ಶುರು ಮಾಡಿ, ಆದೇಶ ಬರುತ್ತದೆ’ ಎನ್ನುವ ಮಾತಿಗೆ ಬಿಲ್ ಆಗುವುದಿಲ್ಲ. ಹೆಚ್ಚುವರಿ ಕೆಲಸ ಹೇಳಿದರೂ ಬರವಣಿಗೆಯಲ್ಲಿ ಕೊಡಿ ಅನ್ನಿ.

ಬಿಲ್ಲಿನ ಜೀವ ಇರುವುದು ಎಂಬಿಯಲ್ಲಿ, ಅಳತೆ ಪುಸ್ತಕದಲ್ಲಿ. ಜೂನಿಯರ್ ಎಂಜಿನಿಯರ್ ಅಳತೆ ಬರೆಯುವ ದಿನ ನೀವೇ ಸ್ಥಳದಲ್ಲಿರಿ. ಮುಚ್ಚಿಹೋಗುವ ಕೆಲಸ, ಅಂದರೆ ಕೇಬಲ್, ಪೈಪು, ಬುನಾದಿ, ಇವುಗಳನ್ನು ಮುಚ್ಚುವ ಮುನ್ನವೇ ಟೇಪ್ ಹಿಡಿದು, ಸ್ಥಳದ ಗುರುತಿನ ಸಮೇತ ಫೋಟೊ ತೆಗೆಯಿರಿ. ಒಂದು ಊರಿನಲ್ಲಿ 140 ಮೀಟರ್ ಕೇಬಲ್ ಹೂಳಿ, ಎಂಬಿಯಲ್ಲಿ 110 ಬಂದಿತ್ತು. ಅಳೆಯುವ ದಿನ ನಾನು ಮದುವೆಯೊಂದಕ್ಕೆ ಹೋಗಿದ್ದೆ. ಮತ್ತೆ ಅಗೆದು ತೋರಿಸುವ ಖರ್ಚೇ ಜಾಸ್ತಿ ಅಂತ 30 ಮೀಟರ್ ಬಿಟ್ಟುಕೊಟ್ಟೆ.

ಬಿಲ್ ಕೊಟ್ಟಾಗ ಸ್ವೀಕೃತಿಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದಿನ ಎಣಿಸಲು ಆ ಸೀಲು ಬೇಕು. ಸರಕು ತಯಾರಿಸುವವರಿಗೆ, ಸೇವೆಯವರಿಗೆ ಇದು ಒಳ್ಳೆಯ ಅಸ್ತ್ರ. ಸಿವಿಲ್ ಕಾಮಗಾರಿಗೆ ಅನ್ವಯಿಸುತ್ತದೆಯೇ ಎನ್ನುವುದು ಕೋರ್ಟಿನಲ್ಲಿ ಹಲವು ಸಲ ತಕರಾರಾಗಿದೆ. ನಾನಂತೂ ರೇಟು ಹಾಕುವಾಗಲೇ ನಾಲ್ಕು ತಿಂಗಳ ಬಡ್ಡಿ ಸೇರಿಸಿಕೊಳ್ಳುತ್ತೇನೆ. ಅಷ್ಟು ದಿನ ಕೂಲಿಗೆ, ಸಾಮಾನಿಗೆ ಹಣ ಹೊಂದಿಸಲು ಆಗದ ಕೆಲಸಕ್ಕೆ ಟೆಂಡರ್ ಹಾಕುವುದಿಲ್ಲ.

ಕೊನೆಯ ಬಿಲ್ ಬಂದ ದಿನವೇ ಒಂದು ಅರ್ಜಿ ಕೊಟ್ಟುಬಿಡಿ, ಕೆಲಸ ಮುಗಿಸಿದ ಸರ್ಟಿಫಿಕೇಟ್ ಕೊಡಿ ಅಂತ. ಟೆಂಡರ್ ಸಂಖ್ಯೆ, ಕೆಲಸದ ಹೆಸರು, ಮೊತ್ತ, ಶುರುವಾದ ಮತ್ತು ಮುಗಿದ ದಿನಾಂಕ, ಎಷ್ಟು ಕಂಬ ಎಷ್ಟು ಮೀಟರ್ ಎಲ್ಲ ಅದರಲ್ಲಿರಬೇಕು. ‘ತೃಪ್ತಿಕರವಾಗಿ ಮುಗಿಸಿದ್ದಾರೆ’ ಎನ್ನುವ ಒಂದು ಸಾಲಿನ ಪತ್ರ ಸಾಲದು. ಬೇರೆಯವರ ಹೆಸರಿನಲ್ಲಿ ಪೀಸ್ ವರ್ಕ್ ಮಾಡಿದ್ದರೆ ಈ ಕಾಗದ ನಿಮ್ಮ ಹೆಸರಿಗೆ ಬರುವುದಿಲ್ಲ, ಅದಕ್ಕೇ ಸಣ್ಣದಾದರೂ ಸ್ವಂತ ಹೆಸರಿನ ಕೆಲಸ ಹಿಡಿಯಿರಿ. ಆ ಎಂಜಿನಿಯರ್‌ಗೆ ವರ್ಗವಾಗುವ ಮುನ್ನ ಸಹಿ ಹಾಕಿಸಿ. ದೋಷ ಹೊಣೆಯ ಅವಧಿ (ದೋಷ ಕಂಡರೆ ನೀವೇ ಸರಿಪಡಿಸಬೇಕಾದ ಕಾಲ) ಮುಗಿಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನನ್ನ 50,000 ಠೇವಣಿಯೊಂದು ನೆನಪಾದದ್ದು ಎರಡು ವರ್ಷ ಕಳೆದ ಮೇಲೆ. ಕೇಳದೆ ಅದನ್ನು ಯಾರೂ ವಾಪಸ್ ಕೊಡಲಿಲ್ಲ.